ರಾಷ್ಟ್ರಹಿತದ ಬಾಣಂತನ

2021ರ ಜೂನ್ ಕೊನೆಯ ವಾರ ನನ್ನ ಅತ್ತೆಯವರು ಮಸ್ಕತ್‌ನಿಂದ ಹೊರಟು ಬೆಂಗಳೂರಿನಲ್ಲಿ ಇಳಿದು, ಅಲ್ಲಿಂದ ಕಾರಿನಲ್ಲಿ ಧಾರವಾಡ ಸೇರಿದರು. ಅವರು ಬರಬೇಕಾಗಿದ್ದುದು ಅಮೆರಿಕಕ್ಕೆ. ಈ ಮಾರ್ಗವನ್ನು ಗೊತ್ತುಮಾಡಿದವನು ನಾನು.

ಹಿನ್ನೆಲೆ ಇಷ್ಟು. ಅತ್ತೆಯವರಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯವಳು ವಿಜಯಾ ಮಸ್ಕತ್‌ನಲ್ಲಿದ್ದಾಳೆ. ಕಿರಿಯವಳು ಶೈಲಾ, ನನ್ನ ಹೆಂಡತಿ. ನಾವಿರುವುದು ಅಟ್ಲಾಂಟಾ ಪಕ್ಕದ ಜಾನ್ಸ್ ಕ್ರೀಕ್‌ನಲ್ಲಿ. ವಿಜಯಾಗೆ ಮಾರ್ಚ್‌ನಲ್ಲಿ ಹೆರಿಗೆಯಾಗಿತ್ತು, ಶೈಲಾಗೆ ಆಗಸ್ಟ್ ಕೊನೆಗೆ ದಿನ ಕೊಟ್ಟಿದ್ದರು. ಅಲ್ಲಿನ ಬಾಣಂತನ ಮುಗಿಸಿ ಇಲ್ಲಿನದಕ್ಕೆ ಬರುವುದು ಅತ್ತೆಯವರ ಕಾರ್ಯಕ್ರಮ. ಹಿಂದಿನ ಸಲ ಬಂದಾಗಿನ ವೀಸಾ ಇನ್ನೂ ಜೀವಂತವಿತ್ತು. ಅಷ್ಟರಲ್ಲಿ, ಮೇ ತಿಂಗಳಲ್ಲಿ, ಕೋವಿಡ್ ಕಾರಣಕ್ಕೆ ಅಮೆರಿಕ ಭಾರತದ ಕಡೆಯ ಬಾಗಿಲು ಹಾಕಿತು.

ನಾನು ಗಾಬರಿಯಾಗಲಿಲ್ಲ. ಮೈಸೂರಿನ ಒಂದು ಪತ್ರಿಕೆಯ ಡೆಸ್ಕಿನಲ್ಲಿ ಒಂಬತ್ತು ವರ್ಷ ಕೂತು, ಸರ್ಕಾರಿ ಆದೇಶಗಳನ್ನು ನಾಲ್ಕು ಸಾಲಿಗೆ ಇಳಿಸಿದವನು ನಾನು. ಈಗ ಇಲ್ಲಿ ಆಸ್ಪತ್ರೆ ಯಂತ್ರಗಳ ಕೈಪಿಡಿ ಬರೆಯುತ್ತೇನೆ. ಓದಿ ಅರ್ಥಮಾಡಿಕೊಳ್ಳುವುದೇ ನನ್ನ ಹೊಟ್ಟೆಪಾಡು. ಆದೇಶವನ್ನು ಪ್ರಿಂಟ್ ತೆಗೆದು, ಹಳದಿ ಹೈಲೈಟರ್ ಹಿಡಿದು ಕೂತೆ. ನಿಷೇಧ ಇದೆ ಎಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಆದ್ದರಿಂದ ಆ ಭಾಗಕ್ಕೆ ಸಮಯ ಕೊಡದೆ ನೇರವಾಗಿ ಎರಡನೆಯ ಪುಟಕ್ಕೆ, ವಿನಾಯಿತಿಗಳಿಗೆ ಹೋದೆ.

ಅಂದೇ ಮಸ್ಕತ್‌ಗೆ ವಿಡಿಯೊ ಕರೆ ಮಾಡಿದೆ. ಅತ್ತೆಯವರು ಮೊಮ್ಮಗನನ್ನು ಹೆಗಲಿಗೆ ಹಾಕಿಕೊಂಡು ತೇಗು ಬರಿಸುತ್ತಿದ್ದರು. ಯೋಜನೆಯನ್ನು ವಿವರಿಸಿದೆ. ಅವರು ಮೊದಲು ಧಾರವಾಡಕ್ಕೆ ಹೋಗಬೇಕು, ಅಲ್ಲಿಂದ ಕಾನ್ಸುಲೇಟಿಗೆ ವಿನಾಯಿತಿಯ ಅರ್ಜಿ ಹಾಕಬೇಕು, ಅದು ಸಿಕ್ಕ ಮೇಲೆ ಇಲ್ಲಿಗೆ ಬರಬೇಕು. ಅವರು ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ಅಲ್ರೀ, ನಾ ಇಲ್ಲಿಂದ ಸೀದಾ ಅಲ್ಲಿಗೇ ಬಂದ್ರ ನಡ್ಯಂಗಿಲ್ಲೇನ್ರಿ?"

ನಾನು ನಕ್ಕೆ. ನಗು ಸೌಜನ್ಯದ್ದೇ ಆಗಿತ್ತು. "ಅತ್ತೆ, ನಿಮ್ಮದು ಇಂಡಿಯನ್ ಪಾಸ್‌ಪೋರ್ಟು. ರೂಲ್ ಇರೋದು ಇಂಡಿಯಾ ಮೇಲೆ. ಇಂಥದ್ದನ್ನ ನಮ್ಮೂರಿಂದಾನೇ ಸರಿಯಾಗಿ ಕ್ಲಿಯರ್ ಮಾಡಿಸ್ಕೊಂಡು ಬರಬೇಕು. ನಡುದಾರೀಲಿ ನುಗ್ಗೋಕಾಗಲ್ಲ."

"ಹಂಗಾರ ಸರಿ. ನಿಮಗ ತಿಳೀತದ, ಓದಿದವರು," ಎಂದರು ಅತ್ತೆ.

ಹೀಗೆ ಅವರು ಧಾರವಾಡ ತಲುಪಿದರು. ಕೆಲಸ ಶುರುವಾಯಿತು.

ವಿನಾಯಿತಿಗಳ ಪಟ್ಟಿಯಲ್ಲಿ ಅಮೆರಿಕದ ಪ್ರಜೆಯ ಗಂಡ ಅಥವಾ ಹೆಂಡತಿ ಇದ್ದರು. ಪ್ರಜೆಯಾದ ಮಗುವಿನ ತಂದೆ ತಾಯಿ ಇದ್ದರು. ಆಮೇಲೆ ಸೇರಿಸಿದವರಲ್ಲಿ ವಿದ್ಯಾರ್ಥಿಗಳಿದ್ದರು, ಪತ್ರಕರ್ತರೂ ಇದ್ದರು. ನಮ್ಮ ಕುಟುಂಬದ ಏಕೈಕ ಮಾಜಿ ಪತ್ರಕರ್ತ ಆಗಲೇ ಅಮೆರಿಕದ ಒಳಗೆ, ಸೋಫಾದ ಮೇಲೆ ಇದ್ದ. ಅಜ್ಜಿಯಂದಿರು ಎಲ್ಲೂ ಇರಲಿಲ್ಲ. ಆದರೆ ಕೊನೆಯಲ್ಲಿ ಒಂದು ದಾರಿ ಇತ್ತು: ಯಾರ ಪ್ರವೇಶ ರಾಷ್ಟ್ರದ ಹಿತಾಸಕ್ತಿಗೆ ಅಗತ್ಯವೋ ಅವರಿಗೆ ಅನುಮತಿ ಕೊಡಬಹುದು.

ಅತ್ತೆಯವರ ಬಾಣಂತನ ಅಮೆರಿಕದ ರಾಷ್ಟ್ರೀಯ ಹಿತಾಸಕ್ತಿ ಎಂದು ಸಾಬೀತು ಮಾಡಿದರೆ ಮುಗಿಯಿತು.

ಎರಡು ದಿನ ರಜೆ ಹಾಕಿ ಅರ್ಜಿ ಬರೆದೆ. ಇಂಗ್ಲಿಷಿನಲ್ಲಿದ್ದ ಅದರ ಸಾರಾಂಶ ಹೀಗಿದೆ: "ಸದರಿ ಅರ್ಜಿದಾರರು ತಾಯಿ ಮತ್ತು ಶಿಶುವಿನ ಆರೈಕೆಯಲ್ಲಿ ದೀರ್ಘ ಅನುಭವವುಳ್ಳ ತಜ್ಞರು. ಈವರೆಗೆ ಒಂಬತ್ತು ಪ್ರಕರಣಗಳನ್ನು ಯಶಸ್ವಿಯಾಗಿ ನಿರ್ವಹಿಸಿದ್ದಾರೆ. ಹುಟ್ಟಲಿರುವ ಶಿಶು ಅಮೆರಿಕದ ಪ್ರಜೆಯಾಗಲಿದೆ. ಪ್ರಜೆಯ ಬೆನ್ನು ಗಟ್ಟಿಯಾಗುವುದು ರಾಷ್ಟ್ರದ ಹಿತವೇ ಆಗಿದೆ."

ಶೈಲಾ ಹೊಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಓದಿದಳು. "ಏನ್ರೀ, ಇದು ನಮ್ಮ ಅವ್ವನ ಅಪ್ಲಿಕೇಶನ್ನೋ, ಮಿನಿಸ್ಟರ್ ಭಾಷಣಾನೋ?"

"ಪ್ರತಿಯೊಂದು ವಾಕ್ಯವೂ ನಿಜ," ಎಂದೆ.

"ನಿಜಾನೇ ಅದ. ಆದ್ರ ಓದಿದ್ರ ಅವ್ವ ಅನ್ನಿಸಂಗಿಲ್ಲ."

ಅವಳ ಮಾತಿನ ತೂಕ ನನಗೆ ತಿಳಿದದ್ದು ಆರನೆಯ ದಿನ, ಉತ್ತರ ಬಂದಾಗ. ತಜ್ಞರ ವೈದ್ಯಕೀಯ ಪದವಿ, ನೋಂದಣಿ ಸಂಖ್ಯೆ ಮತ್ತು ಅವರನ್ನು ಕರೆಸಿಕೊಳ್ಳುತ್ತಿರುವ ಆಸ್ಪತ್ರೆಯ ಪತ್ರವನ್ನು ಲಗತ್ತಿಸುವಂತೆ ಕಾನ್ಸುಲೇಟ್ ವಿನಯದಿಂದ ಕೇಳಿತ್ತು. ಅವರು ಅತ್ತೆಯವರನ್ನು ಡಾಕ್ಟರು ಎಂದುಕೊಂಡಿದ್ದರು. ತಪ್ಪು ಅವರದಲ್ಲ. ಬರೆದವನು ನಾನು.

ತಕ್ಷಣ ತಿದ್ದುಪಡಿ ಕಳಿಸಿದೆ. ಅರ್ಜಿದಾರರು ವೈದ್ಯರಲ್ಲ, ಗರ್ಭಿಣಿಯ ತಾಯಿ ಎಂದು ಸ್ಪಷ್ಟಪಡಿಸಿದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಹೇಳಿದ್ದಕ್ಕೆ ಆಧಾರ ಕೊಡಬೇಕೆಂಬುದು ಡೆಸ್ಕಿನ ಅಭ್ಯಾಸ. ಒಂಬತ್ತು ಬಾಣಂತಿಯರಿಂದಲೂ ಪತ್ರ ತರಿಸುವುದಾಗಿ ಅದೇ ಮೇಲ್‌ನಲ್ಲಿ ಬರೆದುಬಿಟ್ಟೆ. ಯಾರೂ ಕೇಳಿರಲಿಲ್ಲ.

ಅತ್ತೆಯವರು ಉತ್ಸಾಹದಿಂದ ಊರೆಲ್ಲ ಫೋನ್ ಮಾಡಿದರು. ಎಂಟು ಪತ್ರಗಳು ಬಂದವು. ಎಣ್ಣೆ ತಿಕ್ಕುವಾಗ ಕಣ್ಣಲ್ಲಿ ನೀರು ಬಂತಾದರೂ ಇವತ್ತಿನವರೆಗೆ ಸೊಂಟ ನೋವಿಲ್ಲ ಎಂದು ಬೆಳಗಾವಿಯ ಸೋದರ ಸೊಸೆ ಪ್ರಮಾಣೀಕರಿಸಿದ್ದಳು. ಇನ್ನೊಬ್ಬಳು ಈಗ ಕಾಲೇಜಿಗೆ ಹೋಗುವ ಮಗನ ಫೋಟೊ ಲಗತ್ತಿಸಿ, ಎತ್ತರವನ್ನೂ ಬರೆದಿದ್ದಳು. ಒಂಬತ್ತನೆಯವಳು ಪತ್ರ ಕೊಡಲು ಒಪ್ಪಲಿಲ್ಲ. ತಿಂಗಳುಗಟ್ಟಲೆ ಸಪ್ಪೆ ಸಾರು, ಅನ್ನವನ್ನೇ ತಿನ್ನಿಸಿದ್ದರ ಸಿಟ್ಟು ಅವಳಿಗೆ ಇನ್ನೂ ಇಳಿದಿರಲಿಲ್ಲ. ಎಂಟನ್ನೂ ಕನ್ನಡದಿಂದ ಇಂಗ್ಲಿಷಿಗೆ ಅನುವಾದಿಸಿದೆ. ಅಂಟಿನ ಉಂಡೆ ಎಂದರೇನು ಎಂದು ವಿವರಿಸಲು ಅಡಿಟಿಪ್ಪಣಿ ಹಾಕಿದೆ. ಅಂಟು, ಒಣಕೊಬ್ಬರಿ, ಉತ್ತತ್ತಿ, ಬೆಲ್ಲ ಎಂದು ಬರೆದ ಮೇಲೆ, ಇದು ಔಷಧವಲ್ಲ ಎಂದೂ ಸೇರಿಸಿದೆ. ಅಧಿಕಾರಿಗೆ ಮತ್ತೆ ಗೊಂದಲವಾಗಬಾರದು ನೋಡಿ. ಒಟ್ಟು ಮೂವತ್ತೊಂದು ಪುಟ. ಮೇಲ್ ಹೋಗಲಿಲ್ಲ, ಕಡತ ದೊಡ್ಡದಾಯಿತು. ಕುಗ್ಗಿಸಿ ಕಳಿಸಿದೆ. ಕಾಲೇಜು ಹುಡುಗ ಮಸುಕಾದ.

ಜುಲೈ ಪೂರ್ತಿ ಮನೆಯಲ್ಲಿ ಇಬ್ಬರೂ ಎಣಿಸುತ್ತಿದ್ದೆವು. ಶೈಲಾ ಮಗು ಒದೆಯುವುದನ್ನು, ನಾನು ಮೇಲ್ ಬರುವುದನ್ನು. ಮಗುವಿನ ಲೆಕ್ಕ ಸರಿಯಾಗಿ ಬರುತ್ತಿತ್ತು. ನಾನು ಸ್ಟವ್ ಹಚ್ಚುವ ಮೊದಲು ಫೋನ್ ನೋಡುತ್ತಿದ್ದೆ, ಆರಿಸಿದ ಮೇಲೆ ನೋಡುತ್ತಿದ್ದೆ. ಡಾಕ್ಟರ ಬಳಿ ಸ್ಕ್ಯಾನ್‌ಗೆ ಹೋದಾಗ ಎಲ್ಲರೂ ಪರದೆ ನೋಡುತ್ತಿದ್ದರೆ ನಾನು ನನ್ನ ಪರದೆ ನೋಡುತ್ತಿದ್ದೆ. ವಾಪಸಾಗುವಾಗ ಕಾರಿನಲ್ಲಿ ಶೈಲಾ ಮೆಲ್ಲಗೆ ಕೇಳಿದಳು. "ಅವ್ವ ಬರತಾಳಲ್ಲ?" ಪ್ರಕ್ರಿಯೆ ಜಾರಿಯಲ್ಲಿದೆ ಎಂದೆ. ಅವಳು ಕಿಟಕಿಯ ಕಡೆ ತಿರುಗಿದಳು. ಹೆಂಡತಿಗೆ ಕೊಡುವ ಉತ್ತರ ಅದಲ್ಲ ಎಂದು ಈಗ ಗೊತ್ತು.

ಆಗಸ್ಟ್ ಮೊದಲ ವಾರ ಕಾನ್ಸುಲೇಟಿನ ಉತ್ತರ ಬಂತು. ಮೂರು ಸಾಲು. ಅರ್ಜಿಯನ್ನು ಗಮನವಿಟ್ಟು ಪರಿಶೀಲಿಸಲಾಗಿದೆ, ಅಜ್ಜಿಯರಿಗೆ ವಿನಾಯಿತಿ ಇಲ್ಲ, ಶಿಶುವಿಗೆ ಶುಭಾಶಯ.

ಅದೇ ದಿನ ಸಂಜೆ ಪಕ್ಕದ ರಾಜ್ಯದ ಡರ್ಹಮ್‌ನಿಂದ ರೂಪಾಳ ಫೋನ್ ಬಂತು. ರೂಪಾ ಶೈಲಾಳ ಕಾಲೇಜಿನ ಗೆಳತಿ, ಅವಳೂ ತುಂಬು ಗರ್ಭಿಣಿ. ಅವಳ ಅಮ್ಮ ಹಿಂದಿನ ದಿನ ಬಂದಿಳಿದಿದ್ದರಂತೆ. ಶೈಲಾ ಸ್ಪೀಕರಿಗೆ ಹಾಕಿದಳು.

"ಹೆಂಗ ಬಂದ್ರೇ? ಎಕ್ಸೆಂಪ್ಷನ್ ಸಿಕ್ತಾ?"

"ಎಕ್ಸೆಂಪ್ಷನ್ ಯಾಕೆ?" ಎಂದಳು ರೂಪಾ. "ಅಮ್ಮ ಜನವರಿಯಿಂದ ದುಬೈನಲ್ಲಿ ಅಣ್ಣನ ಮನೇಲಿದ್ರಲ್ಲ, ಅಲ್ಲಿಂದ ಸ್ಟ್ರೇಟ್ ಫ್ಲೈ ಮಾಡಿದ್ರು. ನಿಮ್ಮಮ್ಮನೂ ಮಸ್ಕತ್‌ನಲ್ಲೇ ಇದಾರಲ್ವಾ? ಇನ್ನೂ ಯಾಕೆ ಬಂದಿಲ್ಲ?"

ಶೈಲಾ ಆಮೇಲೆ ಫೋನ್ ಮಾಡುತ್ತೇನೆಂದು ಹೇಳಿ ಇಟ್ಟಳು. ಕೂಗಲಿಲ್ಲ. ಡ್ರಾಯರಿನಿಂದ ನನ್ನ ಪ್ರಿಂಟ್ ತೆಗೆದು ಮೇಜಿನ ಮೇಲೆ ಇಟ್ಟಳು. ಎರಡನೆಯ ಪುಟ ಪೂರ್ತಿ ಹಳದಿ. ಮೊದಲನೆಯದು ಬೆಳ್ಳಗಿತ್ತು.

"ಮೊದಲ್ನೇ ಪ್ಯಾರಾ ಓದ್ರಿ. ಜೋರಾಗಿ."

ಓದಿದೆ. ಪ್ರವೇಶಕ್ಕೆ ಮುಂಚಿನ ಹದಿನಾಲ್ಕು ದಿನಗಳಲ್ಲಿ ಭಾರತದಲ್ಲಿ ಇದ್ದವರಿಗೆ ನಿರ್ಬಂಧ ಎಂದಿತ್ತು. ಪಾಸ್‌ಪೋರ್ಟ್ ಯಾವ ದೇಶದ್ದು ಎಂದು ಯಾರೂ ಕೇಳಿರಲಿಲ್ಲ. ಅತ್ತೆಯವರು ಮಸ್ಕತ್‌ನಲ್ಲಿ ಇದ್ದಷ್ಟು ದಿನವೂ ಯಾವ ವಿನಾಯಿತಿಯ ಹಂಗೂ ಇಲ್ಲದೆ ಬರಬಹುದಿತ್ತು. ನಿಷೇಧ ಇಲ್ಲದ ಊರಲ್ಲಿದ್ದವರನ್ನು, ನಿಷೇಧ ಇರುವ ಊರಿಗೆ ಕಳಿಸಿ, ನಿಷೇಧದಿಂದ ವಿನಾಯಿತಿ ಕೊಡಿ ಎಂದು ಮೂವತ್ತೊಂದು ಪುಟ ಬರೆದಿದ್ದೆ. ಸುದ್ದಿಯ ಜೀವ ಇರುವುದು ಮೊದಲ ಪ್ಯಾರಾದಲ್ಲಿ ಎಂದು ಒಂಬತ್ತು ವರ್ಷ ಕಿರಿಯರಿಗೆ ಪಾಠ ಹೇಳಿದವನೂ ನಾನೇ.

ವಾಪಸ್ ಮಸ್ಕತ್‌ಗೆ ಕಳಿಸೋಣವೆಂದರೆ ಆ ದೇಶದವರೂ ಆಗಲೇ ಭಾರತದಿಂದ ಬರುವವರಿಗೆ ಬಾಗಿಲು ಹಾಕಿದ್ದರು. ಉಳಿದದ್ದು ಒಂದೇ ಉಪಾಯ, ಬಾಗಿಲು ತೆರೆದಿರುವ ಯಾವುದಾದರೂ ಮೂರನೆಯ ದೇಶದಲ್ಲಿ ಹದಿನಾಲ್ಕು ದಿನ ಕಳೆಯುವುದು. ಹುಡುಕಿದೆ. ಯೂರೋಪಿನ ಮೂಲೆಯಲ್ಲಿ ಒಂದು ದೇಶ ಸಿಕ್ಕಿತು. ಹೋಟೆಲಿನ ಚಿತ್ರವನ್ನೂ ಧಾರವಾಡಕ್ಕೆ ಕಳಿಸಿದೆ. ಅತ್ತೆಯವರು ಆ ದೇಶದ ಹೆಸರನ್ನು ಎರಡು ಸಲ ಹೇಳಿಸಿಕೊಂಡರು.

"ಹೋಗೂದೇನ ಹೋಗ್ತೀನ್ರಿ," ಎಂದರು. "ಅಲ್ಲಿ ಯಾರದು ಬಾಣಂತನ ಅದ?"

ಅಲ್ಲಿ ಯಾರದೂ ಇರಲಿಲ್ಲ. ಅರವತ್ತೆರಡರ ಹೆಂಗಸನ್ನು ಒಬ್ಬಳನ್ನೇ ಅಲ್ಲಿ ಕೂರಿಸುವುದು ಬೇಡವೆಂದು ಶೈಲಾ ನಿರ್ಧರಿಸಿದಳು. ನನ್ನ ಅಭಿಪ್ರಾಯ ಕೇಳಲಿಲ್ಲ. ಆ ಹೊತ್ತಿಗೆ ನನ್ನ ಅಭಿಪ್ರಾಯವನ್ನು ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ.

ಆಗಸ್ಟ್ ಕೊನೆಯ ವಾರ ಮಗಳು ಹುಟ್ಟಿದಳು. ಹತ್ತನೆಯ ಬಾಣಂತನವನ್ನು ಅತ್ತೆಯವರು ಧಾರವಾಡದಿಂದಲೇ ನಡೆಸಿದರು. ಅವರ ಸಂಜೆ, ನಮ್ಮ ಬೆಳಗು. ಕೈಗಳು ಮಾತ್ರ ನನ್ನವು. ಮೊದಲ ದಿನ ಪೆನ್ನು ಹಿಡಿದು, ಎಣ್ಣೆ ಎಷ್ಟು ಎಂಎಲ್ ಎಂದು ಕೇಳಿದೆ. ಪರದೆಯ ಆಚೆಯಿಂದ ಅತ್ತೆಯವರು ಪೆನ್ನು ಕೆಳಗಿಡಲು ಹೇಳಿದರು.

ಹೊಕ್ಕುಳಬಳ್ಳಿ ಉದುರಿದ ಮೇಲೆ ಮೊದಲ ಎರೆಯುವ ದಿನ ಬಂತು. ನಾನು ಬಾತ್‌ಟಬ್‌ನಲ್ಲಿ ಕಾಲು ಚಾಚಿ ಕೂತೆ. ಕಾಲುಗಳ ಮೇಲೆ ಮಗು, ಸೋಪಿನ ಗೂಡಿನಲ್ಲಿ ಫೋನು, ಬಾಗಿಲಲ್ಲಿ ಶೈಲಾ. ಮಗುವಿನ ತಲೆಗೆ ನೀರು ಬಿದ್ದಾಗ ಅದರ ಕೂದಲು ಒಂದು ಕಡೆ ಬಾಚಿದಂತೆ ಕೂತಿತು. ಅತ್ತೆಯವರು ಸೂಚನೆ ಕೊಡುವುದನ್ನು ನಿಲ್ಲಿಸಿದರು.

"ಶೈಲಾ, ನಿಂದೂ ಹಿಂಗ ಇತ್ತವಾ ಕೂದಲಾ," ಎಂದರು. "ಇನ್ನೊಂದೀಟು ಹತ್ರ ತೋರಸ್ರಿ ನನಗ."

ಎಣ್ಣೆಗೈಯಲ್ಲಿ ಫೋನನ್ನು ಹತ್ತಿರ ತರಲು ಹೋದೆ. ಜಾರಿತು. ಅತ್ತೆಯವರು ಮುಳುಗಿದರು.

ಮಗಳ ಮೊದಲ ಸ್ನಾನವನ್ನು ಅವರು ಅಷ್ಟೇ ನೋಡಿದ್ದು.

ನವೆಂಬರ್‌ನಲ್ಲಿ ನಿರ್ಬಂಧ ಎತ್ತಿದರು. ಲಸಿಕೆಯ ಕಾಗದ ಹಿಡಿದು ಅತ್ತೆಯವರು ಅದೇ ತಿಂಗಳು ಅಟ್ಲಾಂಟಾದಲ್ಲಿ ಇಳಿದರು. ಅಂಟಿನ ಉಂಡೆಯ ಡಬ್ಬಿ ಜೊತೆಗಿತ್ತು. ವಿಮಾನ ನಿಲ್ದಾಣದಲ್ಲಿ ಮೊಮ್ಮಗಳನ್ನು ನನ್ನ ಕೈಯಿಂದ ತೆಗೆದುಕೊಂಡು, ಬೆನ್ನು ಮುಟ್ಟಿ ನೋಡಿ, "ಪರವಾಗಿಲ್ಲ" ಎಂದರು. ಮಸ್ಕತ್‌ನ ಮಾತು ಎತ್ತಲಿಲ್ಲ. ಇವತ್ತಿಗೂ ಎತ್ತಿಲ್ಲ.

ವಿಜಯಾಗೆ ಈಗ ಎರಡನೆಯ ಹೆರಿಗೆಯಾಗಿದೆ. ಅತ್ತೆಯವರು ಮಸ್ಕತ್‌ನಲ್ಲಿದ್ದಾರೆ. ವೀಸಾ, ಟಿಕೆಟ್ಟು ಎಲ್ಲವನ್ನೂ ತಾವೇ ಮಾಡಿಸಿಕೊಂಡರು. ನನಗೆ ಸುದ್ದಿ ತಿಳಿದದ್ದು ಅವರು ಅಲ್ಲಿ ಇಳಿದು ಎರಡು ದಿನಗಳಾದ ಮೇಲೆ.