ಪ್ರಭಾರ ಸಮುದ್ರ

ಕರಾವಳಿ ನೀರು ತಪಾಸಣಾ ಕಚೇರಿಯ ನಿಯಮ ಹದಿನಾಲ್ಕರ ಪ್ರಕಾರ ಸಮುದ್ರ ಒಂದೇ. ಆದಕಾರಣ ಅದರ ಅಂಕಿಯೂ ಒಂದೇ ಇರತಕ್ಕದ್ದು. ಈ ನಿಯಮ ಬರೆದವರು ಸಮುದ್ರವನ್ನೇ ಕಂಡಿರಲಿಲ್ಲ ಅಂತ ಯಾರೂ ತಪ್ಪು ತಿಳಿಯಬಾರದು. ಅವರ ಕಿಟಕಿ ಅತ್ತ ಕಡೆಗೇ ಇತ್ತು, ಪರದೆ ಎಳೆದಿತ್ತು ಅಷ್ಟೆ.

ಆ ಕಚೇರಿಯಲ್ಲಿ ಹನ್ನೊಂದು ವರ್ಷದಿಂದ ಹಂಗಾಮಿ ಕೆಲಸದಲ್ಲಿದ್ದವಳನ್ನು ಎಲ್ಲರೂ ಬಾಟಲಿ ಅಕ್ಕ ಅನ್ನುತ್ತಿದ್ದರು. ದಿನಕ್ಕೆ ಮೂರು ಸಲ ಮೊಣಕಾಲುದ್ದ ನೀರಿಗಿಳಿದು ಬಾಟಲಿ ತುಂಬಬೇಕು. ಪಾಚಿ, ಕೊಳೆತ ಎಲೆ, ಸತ್ತ ಜೀವಿಗಳಿಂದ ನೀರಿಗೆ ಸೇರಿದ್ದು, ಅಂದರೆ ಕಚೇರಿಯ ಮಾತಿನಲ್ಲಿ ಸಾವಯವ ವಸ್ತು, ಎಷ್ಟಿದೆ ಅಂತ ಅಳೆದು ಬರೆಯಬೇಕು. ಅವಳನ್ನು ಕಾಯಂ ಮಾಡುವ ಕಡತ ಕೊನೆಗೂ ಸಾಹೇಬರ ಮೇಜಿಗೆ ಬಂದಿತ್ತು. ಷರತ್ತು ಒಂದೇ: ಒಂದು ದಿನದ ಮೂರೂ ಅಂಕಿ ತಾಳೆಯಾಗಬೇಕು. ಇತ್ತ ಅವಳ ಅತ್ತೆ, ಸೊಸೆ ಕಾಯಂ ಆಗಿಯೇಬಿಟ್ಟಳು ಅಂತ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಾಗಿತ್ತು.

ಆ ದಿನ ಬೆಳಿಗ್ಗೆ ಅಂಕಿ ಎರಡು ಬಂತು. ಮಧ್ಯಾಹ್ನದ ಬಿಸಿಲಿಗೆ ಪಾಚಿ ಹೆಚ್ಚಿ ಐದಾಯಿತು. ಸಂಜೆ ಇಳಿತದ ಹೊತ್ತಿಗೆ ಹೊಳೆಯ ನೀರು ಬಂದು ಸೇರಿ ಒಂಬತ್ತು. ಸಾಹೇಬರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

"ಇದೇನಮ್ಮ ಇದು?"

"ನೀರು ಗಂಟೆಗಂಟೆಗೂ ಬದಲಾಗುತ್ತೆ ಸಾರ್."

"ಯಾರ ಅನುಮತಿ ತಗೊಂಡು?"

ಹನ್ನೊಂದು ವರ್ಷದಲ್ಲಿ ಈ ಪ್ರಶ್ನೆಯನ್ನು ತಾನು ಸಮುದ್ರಕ್ಕೆ ಕೇಳಿಯೇ ಇರಲಿಲ್ಲವಲ್ಲ ಅಂತ ಅಕ್ಕನಿಗೆ ಆಗ ಹೊಳೆಯಿತು.

ಮರುದಿನವೇ ಸಮುದ್ರಕ್ಕೆ ನೋಟಿಸು ಹೊರಟಿತು. "ತಾವು ಪೂರ್ವಾನುಮತಿ ಇಲ್ಲದೆ ದಿನವೊಂದಕ್ಕೆ ಮೂರು ಬಾರಿ ತಮ್ಮ ಸಂಯೋಜನೆಯನ್ನು ಬದಲಿಸಿಕೊಂಡಿರುವುದು ಈ ಕಚೇರಿಯ ಗಮನಕ್ಕೆ ಬಂದಿರುತ್ತದೆ. ಏಳು ದಿನಗಳೊಳಗೆ ಖುದ್ದು ಹಾಜರಾಗಿ ಸಮಜಾಯಿಷಿ ನೀಡತಕ್ಕದ್ದು." ದಡದಲ್ಲಿ ಕಂಬ ನೆಟ್ಟು ಅಂಟಿಸಿದರು. ನೀರು ಉಕ್ಕಿ ಭರತ ಬಂದಾಗ ಅಲೆ ಅದನ್ನು ಕಂಬದ ಸಮೇತ ಒಯ್ದಿತು. ಗುಮಾಸ್ತರು ಕಡತದಲ್ಲಿ "ಸ್ವೀಕರಿಸಲಾಗಿದೆ" ಅಂತ ಮೊಹರು ಒತ್ತಿದರು.

ಏಳು ದಿನ ಕಳೆದರೂ ಸಮುದ್ರ ಕಚೇರಿಗೆ ಬರಲಿಲ್ಲ. ಬರದಿದ್ದದ್ದೇ ಪುಣ್ಯ, ಕಚೇರಿ ಇದ್ದದ್ದು ನೆಲಮಹಡಿಯಲ್ಲಿ. ಏಕಪಕ್ಷೀಯ ವಿಚಾರಣೆ ನಡೆದು ಸಮುದ್ರವನ್ನು ಅಮಾನತಿನಲ್ಲಿಡಲಾಯಿತು. ಆದರೆ ಹುದ್ದೆ ಖಾಲಿ ಬಿಡುವಂತಿಲ್ಲವಲ್ಲ! ಪ್ರಭಾರ ವಹಿಸಿಕೊಳ್ಳುವಷ್ಟು ನೀರಿನ ಅನುಭವ ಇದ್ದವಳು ಆ ಕಚೇರಿಯಲ್ಲಿ ಒಬ್ಬಳೇ.

ಹೀಗೆ ಬಾಟಲಿ ಅಕ್ಕ ಪ್ರಭಾರ ಸಮುದ್ರವಾದಳು. ಹಂಗಾಮಿಯವರಿಗೆ ಪ್ರಭಾರ ಕೊಡುವಂತಿಲ್ಲವಾದ್ದರಿಂದ ಆದೇಶದಲ್ಲಿ ಸೇರಿಸಿದ್ದ "ಕಾಯಂ" ಅನ್ನುವ ಪದ ಕಂಡದ್ದೇ ಅವಳ ಕಣ್ಣು ತುಂಬಿ ಬಂತು. ಅತ್ತೆಯಂತೂ ನಿಂತಲ್ಲಿ ನಿಲ್ಲಲಿಲ್ಲ. ನಮ್ಮ ಸೊಸೆ ಈಗ ಸಮುದ್ರ ಕಣೇ ಅಂದರೆ, ಪಕ್ಕದ ಮನೆಯವಳು ಹೊಟ್ಟೆಕಿಚ್ಚು ತಡೆಯಲಾರದೆ, ನಮ್ಮ ಮೈದುನನೂ ಸರೋವರಕ್ಕೆ ಅರ್ಜಿ ಹಾಕಿದ್ದಾನೆ ಅಂದಳು.

ಸಮುದ್ರವೇ ಕಚೇರಿಯಲ್ಲಿ ಕೂತಿದ್ದರಿಂದ ಈಗ ಮೂರು ಬಾಟಲಿಯೂ ಅಕ್ಕನ ಮೇಜಿನ ಮೇಲಿನ ಕುಡಿಯುವ ನೀರಿನ ಹೂಜಿಯಿಂದಲೇ ತುಂಬುತ್ತಿದ್ದವು. ಸೊನ್ನೆ, ಸೊನ್ನೆ, ಸೊನ್ನೆ. ಇಷ್ಟು ಶಿಸ್ತಿನ ಸಮುದ್ರ ಇನ್ನೆಲ್ಲೂ ಇಲ್ಲ ಅಂತ ಮೇಲಿನ ಕಚೇರಿಯಿಂದ ಪ್ರಶಂಸಾಪತ್ರ ಬಂತು. ಬೋಟಿನವರು ಬೆಳಿಗ್ಗೆ ಎದ್ದು ಅವಳ ಮೇಜಿನ ಮುಂದೆ ಸಾಲು ನಿಂತು, ಇವತ್ತು ಇಳಿಯಬಹುದಾ ಅಕ್ಕ ಅಂತ ಕೇಳಿ, ಸಹಿ ಹಾಕಿಸಿಕೊಂಡು ಹೋಗತೊಡಗಿದರು.

ಎಲ್ಲ ಸರಿಯೇ ಇತ್ತು. ಅಕ್ಕನ ಪಾದ ಮಾತ್ರ ಒಣಗಿ ಬಿರುಕು ಬಿಟ್ಟಿತು. ಮೊಣಕಾಲಿಗೆ ಅಲೆ ತಾಗದೆ ತಿಂಗಳಾಗಿ ಅವಳಿಗೆ ಊಟವೇ ಸೇರುತ್ತಿರಲಿಲ್ಲ. ಒಂದು ದಿನ ಅರ್ಧ ದಿನದ ರಜೆ ಚೀಟಿ ಬರೆದುಕೊಂಡು ಸಾಹೇಬರ ಮುಂದೆ ನಿಂತಳು.

"ಒಂದ್ಸಲ ನೀರಿಗಿಳಿದು ಬರ್ತೀನಿ ಸಾರ್."

ಸಾಹೇಬರಿಗೆ ನಿಜವಾಗಿಯೂ ಕನಿಕರ ಬಂತು. "ನೀನೇ ರಜೆ ಹಾಕಿದ್ರೆ ಬೋಟಿನವರು ಎಲ್ಲಿಗಮ್ಮ ಹೋಗ್ಬೇಕು?"

ಮಾತು ಸರಿಯಾಗಿಯೇ ಇತ್ತು. ಅಕ್ಕ ಚೀಟಿ ಮಡಚಿಕೊಂಡು ತನ್ನ ಕುರ್ಚಿಗೆ ವಾಪಸು ಬಂದಳು. ಸಾಲಿನಲ್ಲಿ ಹದಿನೇಳು ಜನ ಇದ್ದರು, ಮೊದಲನೆಯವನನ್ನು ಕರೆದಳು.