ಇಲ್ಲದ ಸೋಫಾದ ಕ್ಷೇಮಸಮಾಚಾರ

ನಮ್ಮ ಮನೆಯಲ್ಲಿ ಯಾವ ಗುಟ್ಟೂ ನಿಲ್ಲುವುದಿಲ್ಲ ಎಂದು ನನ್ನ ಹೆಂಡತಿ ಹೇಳುವಾಗಲೆಲ್ಲ ಅವಳ ಕಣ್ಣು ನನ್ನ ಮೇಲಿರುತ್ತದೆ, ನನ್ನ ಕಣ್ಣು ಅಡುಗೆಮನೆಯ ಕಿಟಕಿಯ ಮೇಲಿರುತ್ತದೆ. ಆ ಕಿಟಕಿಯಾಚೆ ಗಾಳಿಗೆಂದು ಬಿಟ್ಟ ಬಾವಿಯಂಥ ಒಂದು ಡಕ್ಟ್ ಇದೆ. ಅದರ ಮೇಲ್ತುದಿಯಲ್ಲಿ ನಮ್ಮ ಅಡುಗೆಮನೆ, ಕೆಳತುದಿಯಲ್ಲಿ ಮನೆ ಮಾಲೀಕರ ಅಡುಗೆಮನೆ. ಗಾಳಿ ಅದರಲ್ಲಿ ಓಡಾಡಿದ್ದನ್ನು ನಾನು ಎಂದೂ ಕಂಡಿಲ್ಲ. ಮಾತು ಮಾತ್ರ ಧಾರಾಳವಾಗಿ ಓಡಾಡುತ್ತದೆ. ಕೆಳಗಿನವರು ಚಮಚ ಬೀಳಿಸಿದರೆ ಎತ್ತಿಕೊಡಲು ನಾನು ಬಗ್ಗುತ್ತೇನೆ.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಆದರೆ ಕೆಳಗಿರುವ ಮಾಲೀಕಮ್ಮ ನಿವೃತ್ತರಾಗುವವರೆಗೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಬೀದಿಯವರೆಲ್ಲ ಅವರನ್ನು ಟ್ರಂಕ್‌ಕಾಲ್ ಅಮ್ಮ ಎನ್ನುತ್ತಾರೆ. ಊರಿನ ಮದುವೆ, ಮುನಿಸು, ಸಾವು, ಸಂಧಾನ ಎಲ್ಲವೂ ಒಂದು ಕಾಲದಲ್ಲಿ ಅವರ ಕಿವಿಯನ್ನು ಹಾದೇ ಮುಂದೆ ಹೋಗಬೇಕಿತ್ತು. (ಕೆಲಸದಿಂದ ನಿವೃತ್ತಿ ಕೊಡುತ್ತಾರೆ, ಕಿವಿಗೆ ಯಾರು ಕೊಡುತ್ತಾರೆ?) ಒಮ್ಮೆ ನಾನೂ ಹೆಂಡತಿಯೂ ಕಿಟಕಿಗೆ ನೀಲಿ ಪರದೆ ಹಾಕಿಸೋಣ ಎಂದು ಮಾತಾಡಿಕೊಂಡು ಮೆಟ್ಟಿಲಿಳಿದರೆ, ಬಾಗಿಲಲ್ಲಿ ನಿಂತಿದ್ದ ಅವರು, ನೀಲಿಯಲ್ಲಿ ಕೊಳೆ ಬೇಗ ಕಾಣುತ್ತದೆ ಎಂದು ಹೇಳಿ ಒಳಗೆ ಹೋದರು. ಆವತ್ತಿನಿಂದ ನನಗೆ ನನ್ನ ಮನೆಯಲ್ಲೇ ಗಂಟಲು ಸರಿಪಡಿಸಿಕೊಳ್ಳಲೂ ಸಂಕೋಚ.

ಹೀಗಿರುವಾಗ ನಿಜಕ್ಕೂ ಮುಚ್ಚಿಡಬೇಕಾದ ಸಂಗತಿಯೊಂದು ನಮ್ಮ ಮನೆಯಲ್ಲಿ ಹುಟ್ಟಿಕೊಂಡಿತು. ಹುಟ್ಟಿಕೊಂಡಿತು ಎಂದರೆ, ಇನ್ನೂ ಹುಟ್ಟಿರಲಿಲ್ಲ, ಹುಟ್ಟುವುದಿತ್ತು.

ಹಿಂದೊಮ್ಮೆ ಇದೇ ಸುದ್ದಿ ಬಂದಾಗ ನಾವಿಬ್ಬರೂ ಖುಷಿ ತಡೆಯಲಾರದೆ ಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದೆವು. ಅದು ಉಳಿಯಲಿಲ್ಲ. ಹೇಳಿದವರಿಗೆಲ್ಲ ಮತ್ತೆ ಹೋಗಿ ಇಲ್ಲವೆಂದು ಹೇಳಬೇಕಾಯಿತು. ನಾನು ಹೇಗೋ ಹೇಳಿ ಮುಗಿಸಿದೆ. ಅವಳು ಮಾತ್ರ ಬಹಳ ಕಾಲ ಸುತ್ತುದಾರಿ ಹಿಡಿದು ತಾನು ಕಲಿಸುವ ಶಾಲೆಗೆ ಹೋಗುತ್ತಿದ್ದಳು, ತರಕಾರಿ ಅಂಗಡಿಯವಳು ಅಕ್ಕರೆಯಿಂದ ಏನಾದರೂ ಕೇಳಿಬಿಟ್ಟಾಳೆಂದು. ಆದ್ದರಿಂದ ಈ ಸಲ, ಡಾಕ್ಟರು ಇನ್ನು ಭಯವಿಲ್ಲ ಎನ್ನುವವರೆಗೆ ಒಂದು ನರಪಿಳ್ಳೆಗೂ ತಿಳಿಯಬಾರದು ಎಂದು ಅವಳು ನನ್ನಿಂದ ಭಾಷೆ ತೆಗೆದುಕೊಂಡಳು. ನಾನು ಎದೆ ಮುಟ್ಟಿಕೊಂಡು ಮಾತು ಕೊಟ್ಟೆ. ಆಮೇಲೆ ಇಬ್ಬರೂ ಒಟ್ಟಿಗೆ ಕಿಟಕಿಯ ಕಡೆ ನೋಡಿದೆವು.

ಮೊದಲು ಪಿಸುಮಾತನ್ನು ಪ್ರಯೋಗಿಸಿದೆವು. ನನ್ನ ಪಿಸುಮಾತು ಬೇರೆಯವರ ಭಾಷಣಕ್ಕೆ ಸಮ ಎಂದು ತಿಳಿದುಬಂತು. ಆಮೇಲೆ, ಚಿಕ್ಕಂದಿನಲ್ಲಿ ಮಕ್ಕಳು ಆಡುವ ಹಾಗೆ ಪ್ರತಿ ಅಕ್ಷರದ ಹಿಂದೆ ‘ಕ’ ಸೇರಿಸಿ ಮಾತಾಡಲು ನೋಡಿದೆವು. ‘ವಾಂತಿ ನಿಂತಿತೇ’ ಎಂದು ಕೇಳುವಷ್ಟರಲ್ಲಿ ನನಗೆ ಕೆಮ್ಮು ಹತ್ತಿ, ಅವಳಿಗೆ ನಗು ಹತ್ತಿ, ನಿಂತಿದ್ದ ವಾಂತಿ ಮತ್ತೆ ಬಂತು. ಕೊನೆಗೆ ನಲ್ಲಿ ಜೋರಾಗಿ ಬಿಟ್ಟು ಆ ಸದ್ದಿನ ಮರೆಯಲ್ಲಿ ಮಾತಾಡುವ ಉಪಾಯ ಹೊಳೆದದ್ದು ನನಗೆ. ಒಂದು ಮಾತಿಗೆ ಒಂದು ಸಲ ತಿರುಗಿಸುವುದು, ಮುಗಿದ ಮೇಲೆ ಬಲವಾಗಿ ಬಿಗಿಯುವುದು. ಮುದಿ ನಲ್ಲಿ, ಅದಕ್ಕೆ ಈ ವಯಸ್ಸಿನಲ್ಲಿ ಇಷ್ಟು ವ್ಯಾಯಾಮ ಎಂದೂ ಆಗಿರಲಿಲ್ಲ.

ಅದೇ ದಿನಗಳಲ್ಲಿ ಕೆಳಗಿನ ಮನೆಯ ರೇಡಿಯೋ ಜೋರಾಗತೊಡಗಿತು. ನಾವು ಬಾಯಿ ತೆರೆದರೆ ಸಾಕು, ಅದೂ ತೆರೆಯುತ್ತಿತ್ತು. ಕೃಷಿವಾರ್ತೆ, ಹವಾಮಾನ, ಮಕ್ಕಳ ಕಾರ್ಯಕ್ರಮ ಯಾವುದೂ ಬಿಡುವಂತಿಲ್ಲ. ಅದರ ಮೇಲೆ ಕೇಳಿಸಬೇಕೆಂದು ನಾನು ಗುಟ್ಟನ್ನು ಇನ್ನಷ್ಟು ಗಟ್ಟಿಯಾಗಿ ಹೇಳಬೇಕಾಗುತ್ತಿತ್ತು. ಮುದುಕಿ ನಮಗೆ ಬೇಕೆಂದೇ ಕಾಟ ಕೊಡುತ್ತಿದ್ದಾಳೆ ಎಂದು ನಾನು ಹಲ್ಲು ಕಡಿದೆ.

ನನ್ನ ಹೆಂಡತಿ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ನನ್ನ ಉಪಾಯಗಳನ್ನೆಲ್ಲ ಅಳಿಸಿಹಾಕಿ ತಾನೇ ಒಂದು ಸಂಕೇತ ಭಾಷೆ ರಚಿಸಿದಳು. ಮಗುವಿಗೆ ‘ಸೋಫಾ’ ಎನ್ನಬೇಕು. ಡಾಕ್ಟರಿಗೆ ‘ಬಡಗಿ’. ಯಾರಾದರೂ ಕೇಳಿಸಿಕೊಳ್ಳುತ್ತಿದ್ದಾರೆ ಎಂಬ ಅನುಮಾನ ಬಂದರೆ ‘ನಲ್ಲಿ ಸೋರ್ತಿದೆ’ ಎನ್ನಬೇಕು. ಆ ಕೂಡಲೇ ಇನ್ನೊಬ್ಬರು ವಿಷಯ ಬದಲಿಸಿ ಮಾಲೀಕಮ್ಮನ ಗುಣಗಾನಕ್ಕೆ ತೊಡಗಬೇಕು. ತರಗತಿಯ ಹಿಂದಿನ ಬೆಂಚಿನವನಿಂದ ಹೇಳಿಸುವಂತೆ ನನ್ನಿಂದ ಬಾಯಿಪಾಠ ಹೇಳಿಸಿದಳು. ಸೂತ್ರ ಪಕ್ಕಾ ಆಗಿತ್ತು.

“ಬಡಗಿ ಏನಂದ್ರು?” ಎಂದು ನಾನು ಸಂಜೆ ಬಂದವನೇ ಕೇಳುತ್ತಿದ್ದೆ.

“ಸೋಫಾ ಚೆನ್ನಾಗಿದೆಯಂತೆ. ಕಬ್ಬಿಣದ ಅಂಶ ಸ್ವಲ್ಪ ಕಡಿಮೆಯಂತೆ.”

“ಸೋಫಾ ಇವತ್ತು ಊಟ ಮಾಡ್ತಾ?”

“ಅನ್ನ ಕಂಡ್ರೆ ಆಗಲ್ಲ ಅನ್ನುತ್ತೆ. ಹುಳಿ ಏನಾದ್ರೂ ತನ್ನಿ.”

ನಮ್ಮ ಮನೆಯಲ್ಲಿ ಇದ್ದದ್ದು ಎರಡು ಮರದ ಕುರ್ಚಿ, ಒಂದು ಸ್ಟೂಲು. ಆದರೂ ಸೋಫಾ ಬಗ್ಗೆ ಮಾತಾಡುವಾಗ ಅವಳ ಕೈ ಹೊಟ್ಟೆಯ ಮೇಲೆ ಹೋಗುವುದನ್ನು ನೋಡುತ್ತ ನನಗೆ ಆ ಪದವೇ ಮುದ್ದಾಗಿ ಕೇಳತೊಡಗಿತು.

ಮನೆಯಲ್ಲಿ ಇಷ್ಟು ಬಿಗಿ ಇದ್ದುದರಿಂದ ಹೊರಗೆ ಸ್ವಲ್ಪ ಉಸಿರಾಡುವುದು ನನಗೆ ಅಗತ್ಯವಾಗಿತ್ತು. ನಾನು ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂಡಿಸುವ ಕೆಲಸದವನು. ಗಾಜು ಉಜ್ಜುವ ಯಂತ್ರದ ಕಿರುಚಾಟದಲ್ಲಿ ಯಾವ ಗುಟ್ಟೂ ಸುರಕ್ಷಿತ. ಆದರೂ ಎಚ್ಚರ ಬಿಟ್ಟವನಲ್ಲ. ಮೂರು ಮಕ್ಕಳ ತಂದೆಯಾದ ನಮ್ಮ ಯಜಮಾನರನ್ನು, ನನ್ನ ಸ್ನೇಹಿತನೊಬ್ಬನ ಹೆಂಡತಿಗೆ ಬೆಳಿಗ್ಗೆ ವಾಂತಿಯಾಗುತ್ತದೆ, ಏನು ಕೊಡಬಹುದು ಎಂದು ಕೇಳಿದೆ. ಸ್ನೇಹಿತನ ಹೆಂಡತಿಗೆ ಕಾಲು ಊದಿಕೊಂಡಾಗ ಕನ್ನಡಕದ ಕಾಲು ಸಡಿಲವಾಗಿದೆ ಎಂದು ಬಂದಿದ್ದ ನರ್ಸನ್ನು ಕೇಳಿದೆ. ಸ್ನೇಹಿತನ ಹೆಂಡತಿ ಬಸ್ಸಿನಲ್ಲಿ ಓಡಾಡಬಹುದೇ ಎಂದು ಆ ದಾರಿಯ ಬಸ್ ಕಂಡಕ್ಟರನ್ನೇ ವಿಚಾರಿಸಿದೆ. ಸ್ನೇಹಿತನ ಹೆಸರು ಯಾರೂ ಕೇಳಲಿಲ್ಲ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಶಾಲೆಗೆ ರಜೆಯಿದ್ದ ಒಂದು ದಿನ ಮಧ್ಯಾಹ್ನ, ನಾನು ದಪ್ಪ ಗಾಜೊಂದನ್ನು ಅಂಚು ಒಡೆಯದ ಹಾಗೆ ಹಿಡಿದು ಉಜ್ಜುತ್ತಿದ್ದಾಗ ಹೆಂಡತಿಯ ಫೋನು ಬಂತು.

“ರೀ, ನಲ್ಲಿ ಸೋರ್ತಿದೆ” ಎಂದಳು.

ನನಗೆ ಕೂಡಲೇ ಅರ್ಥವಾಯಿತು. ಪಕ್ಕದಲ್ಲಿ ಟ್ರಂಕ್‌ಕಾಲ್ ಅಮ್ಮ ಇದ್ದಾರೆ. ನಾನು ದನಿ ಏರಿಸಿ, ನಮ್ಮ ಮಾಲೀಕಮ್ಮನಂಥವರು ಸಿಗಬೇಕಾದರೆ ಬಾಡಿಗೆದಾರರು ಪುಣ್ಯ ಮಾಡಿರಬೇಕು ಎಂದೆ.

“ಅಯ್ಯೋ, ನಿಜವಾಗ್ಲೂ ಸೋರ್ತಿದೆ ರೀ. ತಿರುಗಿಸಿದ್ರೆ ಹಿಡಿಯೇ ಕೈಗೆ ಬಂತು.”

ಎಂಥ ನಟನೆ ಎಂದು ಬೆರಗಾದೆ. ಮುದುಕಿ ಬಹುಶಃ ಫೋನಿಗೇ ಕಿವಿಯಿಟ್ಟಿರಬೇಕು. ಅವರ ತಾಳ್ಮೆ, ಅವರ ಔದಾರ್ಯ, ಮೆಟ್ಟಿಲನ್ನು ಅವರು ಸ್ವಚ್ಛವಾಗಿಡುವ ಪರಿ ಎಲ್ಲವನ್ನೂ ಹೊಗಳಿದೆ. ಅಡುಗೆಮನೆ ತುಂಬ ನೀರಾಗಿದೆ, ನೆಲ ಜಾರುತ್ತಿದೆ, ಏನು ಮಾಡಲಿ ಎಂದು ಅವಳು ಕೇಳಿದಳು. ಈ ವಾಕ್ಯಗಳು ನಮ್ಮ ಪಾಠದಲ್ಲಿ ಇರಲಿಲ್ಲ. ಸ್ವಂತ ಪ್ರತಿಭೆಯಿಂದ ಸೇರಿಸಿರಬೇಕೆಂದುಕೊಂಡು, ಅವರ ರೇಡಿಯೋ ಕೇಳುತ್ತಿದ್ದರೆ ನನ್ನ ಮನಸ್ಸಿಗೆ ಎಷ್ಟು ನೆಮ್ಮದಿ ಎಂದೆ. ಫೋನು ಕಟ್ಟಾಯಿತು.

ಯಜಮಾನರು ಗಾಜು ಒರೆಸುತ್ತ, ಮನೆಯಲ್ಲಿ ಏನಾದರೂ ತೊಂದರೆಯೇ ಎಂದು ಕೇಳಿದರು. ಏನಿಲ್ಲ, ನಲ್ಲಿ ಸೋರುತ್ತಿದೆಯಂತೆ ಎಂದು ನಾನು ನಕ್ಕೆ.

ಅವರು ಒರೆಸುವುದನ್ನು ನಿಲ್ಲಿಸಿದರು. “ಆ ಹುಡುಗಿ ಇಂಥ ಸ್ಥಿತಿಯಲ್ಲಿ ನಲ್ಲಿ ಸೋರೋ ಮನೇಲಿ ಒಬ್ಬಳೇ ಇದ್ದಾಳೆ. ನೀನು ಇಲ್ಲಿ ಕೂತು ನಗ್ತಾ ಇದೀಯಲ್ಲಯ್ಯ.”

“ಯಾವ ಸ್ಥಿತಿ?” ಎಂದೆ.

“ನಿನ್ನ ಸ್ನೇಹಿತನ ಹೆಂಡತಿ ಸ್ಥಿತಿ.”

ಎದುರಿಗೆ ಕಣ್ಣು ಪರೀಕ್ಷೆಗೆ ಕುಳಿತಿದ್ದ ಗಿರಾಕಿಯೂ ತಲೆಯಾಡಿಸಿದರು. ಅವರು ನನಗೆ ಪರಿಚಯವೂ ಇರಲಿಲ್ಲ. ನನ್ನ ಕೈಯಲ್ಲಿದ್ದ ಗಾಜು ಅಂಚು ಒಡೆದುಕೊಂಡಿತು. ನೆಲ ಜಾರುತ್ತಿದೆ ಎಂದು ಅವಳು ಹೇಳಿದ್ದು ಆಗ ನನ್ನ ಕಿವಿಗೆ ಬಿತ್ತು, ಕೇಳಿ ಬಹಳ ಹೊತ್ತಾದ ಮೇಲೆ. ಕೆಲಸದ ಅಂಗಿಯಲ್ಲೇ ಓಡಿದೆ. ದಾರಿಯಲ್ಲಿ ಎದುರಾದ ತರಕಾರಿ ಅಂಗಡಿಯವಳು, ಏನಾದರೂ ಆಯಿತೇ, ಅಮ್ಮನವರು ಹುಷಾರಾಗಿದ್ದಾರೆಯೇ ಎಂದು ಕೂಗಿ ಕೇಳಿದಳು. ಅವಳೂ ಓದುವ ಕನ್ನಡಕ ಮಾಡಿಸಿದ್ದು ನಮ್ಮಲ್ಲೇ. ಉತ್ತರ ಕೊಡಲು ನಿಲ್ಲಲಿಲ್ಲ. ಕಾಲಿಗೆ ಓಡುವುದು ಗೊತ್ತಿತ್ತು, ತಲೆಗೆ ಯಾವುದೂ ಗೊತ್ತಿರಲಿಲ್ಲ. ಆ ಬೀದಿ ಅಷ್ಟು ಉದ್ದವಿದೆ ಎಂದು ನನಗೆ ಆವತ್ತೇ ತಿಳಿದದ್ದು.

ಮೆಟ್ಟಿಲ ಮೇಲೆ ನೀರು ಇಳಿಯುತ್ತಿತ್ತು. ಬಾಗಿಲು ತೆರೆದಿತ್ತು. ಹೆಂಡತಿ ಕುರ್ಚಿಯ ಮೇಲೆ ಕುಳಿತು ಕಾಲುಗಳನ್ನು ಸ್ಟೂಲಿನ ಮೇಲೆ ಚಾಚಿದ್ದಳು, ಮೈಮೇಲೆ ನಮ್ಮದಲ್ಲದ ಒಂದು ಟವೆಲ್ಲಿತ್ತು. ಅಡುಗೆಮನೆಯಲ್ಲಿ ಟ್ರಂಕ್‌ಕಾಲ್ ಅಮ್ಮ ಸೀರೆಯನ್ನು ಎತ್ತಿ ಸಿಕ್ಕಿಸಿಕೊಂಡು, ಒಡೆದ ನಲ್ಲಿಗೆ ಬಟ್ಟೆ ಬಿಗಿದು, ನೆಲದ ನೀರನ್ನು ಬಕೆಟಿಗೆ ಬಳಿಯುತ್ತಿದ್ದರು. ತಮ್ಮ ಅಡುಗೆಮನೆಯ ಚಾವಣಿಯಿಂದ ನೀರು ತೊಟ್ಟಿಕ್ಕಿದಾಗ ಓಡಿಬಂದು, ಮೇಲೆ ಟ್ಯಾಂಕಿನ ವಾಲ್ವ್ ಮುಚ್ಚಿ, ಇವಳನ್ನು ಕೈಹಿಡಿದು ಒಣನೆಲಕ್ಕೆ ತಂದು ಕೂರಿಸಿದ್ದರಂತೆ. ಇವಳು ಜಾರಿರಲಿಲ್ಲ. ಅದನ್ನು ನಾನು ಮತ್ತೆ ಮತ್ತೆ ಕೇಳಿ ಖಚಿತಪಡಿಸಿಕೊಂಡೆ.

ನಾನು ಮೊಣಕಾಲೂರಿ ಕುಳಿತು, ಕಣ್ಣಿನಲ್ಲೇ ಕಿಟಕಿಯ ಕಡೆ ಸನ್ನೆ ಮಾಡಿ, ಸೋಫಾ ಹೇಗಿದೆ ಎಂದು ಮೆಲ್ಲಗೆ ಕೇಳಿದೆ.

“ಮಗು ಚೆನ್ನಾಗಿದೆ ಕಣಪ್ಪ” ಎಂದು ಅಡುಗೆಮನೆಯಿಂದ ಉತ್ತರ ಬಂತು. “ಎದ್ದು ಬಂದು ಈ ಬಕೆಟ್ ಹಿಡಿ.”

ಬಕೆಟ್ ಹೊರುತ್ತ ನಾನು ಎಲ್ಲವನ್ನೂ ಕೇಳಿಸಿಕೊಂಡೆ. ಅವರಿಗೆ ಮೊದಲ ವಾರವೇ ತಿಳಿದಿತ್ತಂತೆ. ಬೆಳಗಿನ ವಾಂತಿಯ ಸದ್ದು ಡಕ್ಟಿನಲ್ಲಿ ಇಳಿದಾಗಲೇ ತಿಳಿದು, ವಾಸನೆ ಮೇಲೆ ಹೋಗಿ ಇವಳಿಗೆ ಸಂಕಟವಾದೀತೆಂದು ಬೆಳಿಗ್ಗೆ ಈರುಳ್ಳಿ ಹುರಿಯುವುದನ್ನೇ ಬಿಟ್ಟಿದ್ದರಂತೆ. ಮೆಟ್ಟಿಲು ಹತ್ತಿ ಬರದ ಸೋಫಾಗೆ ಯಾರೂ ಅಷ್ಟು ಹುಳಿ ತಿನ್ನಿಸುವುದಿಲ್ಲ ಎಂದೂ ಹೇಳಿದರು.

“ಮತ್ತೆ ಆ ರೇಡಿಯೋ?” ಎಂದು ನಾನು ಕೇಳಿದೆ. ಬಿಟ್ಟಿದ್ದರೆ ಚೆನ್ನಾಗಿತ್ತು.

ಅವರು ಸೊಂಟ ನೆಟ್ಟಗೆ ಮಾಡಿ ನಿಂತರು. “ನಿಮ್ಮ ಮಾತು ನನಗೆ ಕೇಳಿಸಬಾರದು ಅಂತ ಹಾಕ್ತಿದ್ದೆ. ನೀನು ಅದಕ್ಕಿಂತ ಜೋರಾಗಿ ಮಾತಾಡ್ತಿದ್ದೆ. ನಾನು ಇನ್ನೂ ಜಾಸ್ತಿ ಮಾಡ್ತಿದ್ದೆ. ಜೀವಮಾನವಿಡೀ ಜನರ ಮಾತು ಈ ಕಿವೀಲಿ ಹೋಗಿದೆ ಕಣಪ್ಪ. ಒಂದೂ ಬಾಯಲ್ಲಿ ಬಂದಿಲ್ಲ. ಆ ಪರದೆ ವಿಷಯ ಒಂದು ಬಾಯಿ ತಪ್ಪಿ ಬಂತು. ಅದಕ್ಕೆ ಈಗಲೂ ಬೇಜಾರಿದೆ ನನಗೆ.”

ನನ್ನ ಹೆಂಡತಿಯ ಕಣ್ಣು ತುಂಬಿತು. ಈ ಸಲ ಒಬ್ಬರಿಗೂ ಗೊತ್ತಿಲ್ಲವೆಂದು ಧೈರ್ಯವಾಗಿದ್ದೆ, ಆದರೆ ಒಬ್ಬಳೇ ಹೆದರುವುದು ಬಹಳ ಕಷ್ಟವಾಗಿತ್ತು ಎಂದಳು. (ಒಬ್ಬಳೇ ಎಂದಳು. ನಾನು ಪಕ್ಕದಲ್ಲೇ ಬಕೆಟ್ ಹಿಡಿದು ನಿಂತಿದ್ದೆ.) ಟ್ರಂಕ್‌ಕಾಲ್ ಅಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿ ಅವಳ ತಲೆ ಸವರಿದರು. ತಮಗೂ ಒಮ್ಮೆ ಹೀಗೇ ಉಳಿಯದೆ ಹೋಗಿತ್ತು, ಯಾರಿಗೂ ಹೇಳಿಕೊಂಡಿರಲಿಲ್ಲ ಎಂದರು. ಆ ಮಾತು ನನಗೂ ಸೇರಿದ್ದೋ ಅಲ್ಲವೋ ತಿಳಿಯದೆ ನಾನು ನೀರು ಚೆಲ್ಲಲು ಹೋದೆ.

ನಾನು ಹಿಂದಿರುಗುವಷ್ಟರಲ್ಲಿ ಬಾಗಿಲಲ್ಲಿ ಜನ. ನಮ್ಮ ಯಜಮಾನರು ಅಂಗಡಿಗೆ ಬೀಗ ಹಾಕಿ ಪ್ಲಂಬರನ್ನು ಕರೆತಂದಿದ್ದರು. ಅವರ ಹಿಂದೆ ತರಕಾರಿಯವಳು ನಿಂಬೆಹಣ್ಣು ಹಿಡಿದು ನಿಂತಿದ್ದಳು. ನರ್ಸು ಡ್ಯೂಟಿ ಮುಗಿಸಿ ಹಾಗೇ ಬಂದಿದ್ದಳು. ಪ್ಲಂಬರ್ ಒಳಗೆ ಕಾಲಿಟ್ಟವನೇ ನನ್ನ ಹೆಂಡತಿಗೆ, ಅಕ್ಕ, ಭಾರ ಎತ್ತಬೇಡಿ ಎಂದ. ಅವನಿಗೆ ಯಾರು ಹೇಳಿದರೆಂದು ನನಗೆ ಗೊತ್ತಿಲ್ಲ. ಅವನ ಕನ್ನಡಕದ ಮೂಗಿನ ಬಳಿ ನಾನು ಹಾಕಿದ ಬೆಸುಗೆ ಮಾತ್ರ ಗುರುತು ಸಿಕ್ಕಿತು.

ಹೆಂಡತಿ ಒಬ್ಬೊಬ್ಬರನ್ನೂ ನೋಡಿದಳು, ಆಮೇಲೆ ನನ್ನನ್ನು. ನಾನು ಸಿಡಿಲಿಗೆ ಸಿದ್ಧನಾದೆ. ಆದರೆ ಅವಳು ನಕ್ಕಳು. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು, ಮತ್ತೆ ನೆನಪಾಗಿ ಮೆಲ್ಲಗೆ ಹಿಡಿದುಕೊಂಡಳು. ನಿಂಬೆಹಣ್ಣು ತೆಗೆದುಕೊಂಡು ತರಕಾರಿಯವಳನ್ನು ಪಕ್ಕದಲ್ಲಿ ಕೂರಿಸಿಕೊಂಡಳು.

ಈಗ ಡಾಕ್ಟರೂ ಭಯವಿಲ್ಲ ಎಂದಿದ್ದಾರೆ. ಸಂಜೆಯಾದರೆ ಹೆಂಡತಿ ಕೆಳಗಿನ ಮನೆಯ ಜಗುಲಿಯಲ್ಲಿ ಮಾಲೀಕಮ್ಮನ ಜೊತೆ ಕೂರುತ್ತಾಳೆ. ನಾನು ಗೇಟು ತೆರೆದ ಕೂಡಲೇ ಇಬ್ಬರೂ ಮಾತು ನಿಲ್ಲಿಸಿ ಹವಾಮಾನದ ಬಗ್ಗೆ ಶುರು ಮಾಡುತ್ತಾರೆ. ಏನು ನಡೆಯುತ್ತಿದೆ ಎಂದು ವಾರಗಟ್ಟಲೆ ಪೀಡಿಸಿದ ಮೇಲೆ ಹೊರಬಂತು: ಮಗುವಿಗೆ ಹೆಸರು ಆರಿಸಿದ್ದಾರಂತೆ. ಗಂಡಾದರೆ ಒಂದು, ಹೆಣ್ಣಾದರೆ ಒಂದು.

ನಾನು ತಂದೆಯೆಂಬ ಅಧಿಕಾರದಿಂದ ಕೇಳಿದೆ. ಬೇಡಿದೆ. ಒಂದು ಹೊತ್ತು ಊಟ ಬಿಟ್ಟೂ ನೋಡಿದೆ.

“ಹುಟ್ಟಿದ ಮೇಲೆ ಹೇಳ್ತೀವಿ” ಎಂದಳು. “ಮೊದಲೇ ಊರಿಗೆಲ್ಲ ಗೊತ್ತಾಗೋದು ಬೇಡ ರೀ.”

ಮರುದಿನ ಅಂಗಡಿಯಲ್ಲಿ ಈ ಅನ್ಯಾಯವನ್ನು ಯಜಮಾನರ ಮುಂದೆ ತೋಡಿಕೊಂಡೆ. ಅವರು ಎಲ್ಲವನ್ನೂ ಕೇಳಿ, ಬೆಳಕಿಗೆ ಒಂದು ಗಾಜು ಹಿಡಿದು ಗೀರು ಇದೆಯೇ ಎಂದು ನೋಡಿದರು.

“ಬೇಜಾರು ಮಾಡ್ಕೋಬೇಡ ಕಣಯ್ಯ” ಎಂದರು. “ಎರಡೂ ಹೆಸರು ಚೆನ್ನಾಗಿವೆ.”