ಆರನೇ ಹಾಡಿನ ಕೊನೆಯ ಸೊಲ್ಲು

ಹಾಡಿನ ಆಲ್ಬಂ ಎಂದರೇನು ಎಂದು ನನ್ನನ್ನು ಕೇಳಿ, ಹೇಳುತ್ತೇನೆ. ನಮ್ಮೂರು ಹಂಗಳದ ಸುತ್ತಮುತ್ತ ಈ ವಿಷಯದಲ್ಲಿ ನನ್ನಷ್ಟು ತಿಳಿದ ಮುದುಕಿ ಇನ್ನೊಬ್ಬಳಿಲ್ಲ. ಇದು ಜಂಬವಲ್ಲ. ಬೇರೆ ಯಾವ ಮುದುಕಿಯೂ ಕೇಳುವುದೇ ಇಲ್ಲ, ಅದಕ್ಕೆ.

ನಾನು ಅಭಿಮಾನಿಯಾದದ್ದು ಸಾಂಬಾರ್ ಈರುಳ್ಳಿಯ ದೆಸೆಯಿಂದ. ಮೊಮ್ಮಗಳು ಪವಿತ್ರ ಗುಂಡ್ಲುಪೇಟೆಯ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಒಂದು ಭಾನುವಾರ ಹೊಲಕ್ಕೆ ಬಂದವಳು ಫೋನನ್ನು ಬದುವಿನ ಮೇಲೆ ಹಾಡಲು ಬಿಟ್ಟು, ತಿಂಡಿ ತರಲು ಮನೆಗೆ ಹೋದಳು. ಫೋನಿನೊಳಗೆ ಯಾರೋ ಹುಡುಗ ಗಿಟಾರು ಹಿಡಿದು ಗೊಣಗುತ್ತಿದ್ದ. ನಿಲ್ಲಿಸೋಣವೆಂದರೆ ನಾನು ಈರುಳ್ಳಿ ಕೀಳುತ್ತಿದ್ದೆ, ಎರಡು ಕೈಯೂ ಮಣ್ಣು. ಒಂದು ಹಾಡಾಯಿತು, ಎರಡಾಯಿತು, ಆಲ್ಬಮ್ಮಿನ ಎಂಟೂ ಮುಗಿದವು. ಮುಗಿದ ಮೇಲೆ ಹೊಲ ಬಿಕೋ ಎಂದಿತು. ಪವಿತ್ರ ಬಂದಾಗ, "ಇನ್ನೊಂದ್ಕಿತ ಆಕಮ್ಮಿ" ಎಂದೆ.

"ನಿಂಗ್ ಇಷ್ಟ ಆಯ್ತಾ ಅಜ್ಜಿ? ಇದು ಇಂಡಿ ಮ್ಯೂಸಿಕ್ಕು ಕಣಜ್ಜಿ!"

"ಅಂಗಂದ್ರೆ?"

"ಸಿನಿಮಾಕ್ ಆಡಲ್ಲ. ಅವರೇ ಕಟ್ಟಿ ಅವರೇ ಆಡ್ತರ."

ನಾನು, ಪಕ್ಕದ ಮನೆಯ ಸಿದ್ದಮ್ಮ ಇಬ್ಬರೂ ವಯಸ್ಸಿನಲ್ಲಿದ್ದಾಗಿನಿಂದ ಮದುವೆ ಮನೆಗಳಲ್ಲಿ ಸೋಬಾನೆ ಹಾಡಿಕೊಂಡು ಬಂದವರು. ನಾವೇ ಕಟ್ಟುತ್ತೇವೆ, ನಾವೇ ಹಾಡುತ್ತೇವೆ. ಸಿನಿಮಾದವರು ಇವತ್ತಿನವರೆಗೂ ಕರೆದಿಲ್ಲ. ಹಾಗಾದರೆ ನಾನೂ ಇಂಡಿಯೇ!

ಅಂದಿನಿಂದ ಪವಿತ್ರಳ ಹಳೆಯ ಫೋನು ನನ್ನ ಸೆರಗಿನ ಗಂಟಿಗೆ ಬಂತು. ಅವಳಿಗೊಂದು ಕೆಟ್ಟ ಚಾಳಿ ಇದೆ. ಆಲ್ಬಮ್ಮಿನ ಹಾಡುಗಳನ್ನು ಹಿಂದುಮುಂದು ಕಲಸಿ ಹಾಕುತ್ತಾಳೆ. ಹೆಣ್ಣು ಒಪ್ಪಿಸುವ ಹಾಡನ್ನು ಅರಿಶಿನ ಹಚ್ಚುವಾಗಲೇ ಹಾಡಿದರೆ ಬೀಗರು ಸುಮ್ಮನಿರುತ್ತಾರೆಯೇ? ಕಟ್ಟಿದವನು ಒಂದು ಸಾಲು ಇಟ್ಟಿದ್ದಾನೆ, ಆ ಸಾಲಿನಲ್ಲೇ ಕೇಳಬೇಕು. ನಾನು ಒಂದರಿಂದ ಎಂಟರವರೆಗೆ ಕೇಳುತ್ತೇನೆ, ಮಧ್ಯೆ ಯಾರಾದರೂ ಮಾತಾಡಿಸಿದರೆ ಬೈಯುತ್ತೇನೆ.

ಅದರಲ್ಲಿ ಆರನೇ ಹಾಡು ನನ್ನದು. ಬಾವಿಗೆ ಬಿದ್ದ ಕೊಡದ ಹಾಡು. ಕೊನೆಗೆ ಗಿಟಾರು ನಿಲ್ಲುತ್ತದೆ, ಡ್ರಮ್ಮು ನಿಲ್ಲುತ್ತದೆ, ಎಲ್ಲ ಸದ್ದೂ ಅಡಗುತ್ತದೆ. ಆಮೇಲೆ ಹುಡುಗ ಒಬ್ಬನೇ, "ಬರಿಯ ಹಗ್ಗ ಬಂತು ಮೇಲೆ, ಯಾರ ಕೇಳಲಿ ಕೊಡವ" ಎಂದು ಎತ್ತುತ್ತಾನೆ. ಎತ್ತುತ್ತಾನೆ ಎನ್ನುವುದು ಅಂಗಡಿಯವರ ಫೋನಿನಲ್ಲಿ ಕೇಳಿದ ಪವಿತ್ರಳ ಹೇಳಿಕೆ. ನಮ್ಮ ಫೋನುಗಳಲ್ಲಿ ಮೊದಲ ದಿನದಿಂದಲೂ ಸರಿಯಾಗಿ ಆ ಸದ್ದಡಗುವ ಜಾಗಕ್ಕೆ ಜಾಹೀರಾತಿನವಳೊಬ್ಬಳು ಸೋಪು ಹಿಡಿದು ಬಂದು ಕಿರುಚುತ್ತಿದ್ದಳು! ಬಟನ್ ಒತ್ತಿ ಅಟ್ಟಿದರೂ ಅಷ್ಟರಲ್ಲಿ ಅವಳು ಅರ್ಧ ಸ್ನಾನ ಮುಗಿಸಿರುತ್ತಿದ್ದಳು, ಆಮೇಲೆ ಸೊಲ್ಲು ಬರುತ್ತಿತ್ತು. ಪದವೇನೋ ಬಾಯಿಪಾಠವಾಯಿತು. ಆದರೆ ಆ ನಿಶ್ಶಬ್ದದಿಂದ ಸೊಲ್ಲು ಏಳುವುದನ್ನು ಒಂದು ಸಲವೂ ಕೇಳಲಿಲ್ಲ.

ಸಾಯುವುದರೊಳಗೆ ಕಾಶಿಗೆ ಹೋಗಬೇಕೆಂಬ ಆಸೆ ನನಗಿಲ್ಲ. ಈ ಸೊಲ್ಲನ್ನು ನೆಟ್ಟಗೆ ಒಂದು ಸಲ ಕೇಳಬೇಕಿತ್ತು. ಅಷ್ಟೇ.

ಆಗ ಆ ಹುಡುಗನ ತಂಡವೇ ತೆರಕಣಾಂಬಿಯ ಆಚೆಯ ಒಂದು ತೆಂಗಿನ ತೋಟಕ್ಕೆ ಬರುತ್ತದೆಂದು ಪವಿತ್ರ ಸುದ್ದಿ ತಂದಳು. ಫೆಸ್ಟಿವಲ್ಲಂತೆ. ಆಲ್ಬಂ ಕೇಳಿದವರೆಲ್ಲ ಲೈವ್ ಕೇಳಲು ಸೇರುತ್ತಾರಂತೆ.

"ಲೈವಲ್ಲಿ ಸೋಪ್ನೋಳ್ ಬತ್ತಳಾ?" ಎಂದು ಕೇಳಿದೆ.

"ಇಲ್ಲ ಕಣಜ್ಜಿ."

"ಅಂಗಾರೆ ನಡಿ ಓಗನ."

ಸಿದ್ದಮ್ಮನನ್ನೂ ಹೊರಡಿಸಿದೆ. ಅವಳಿಲ್ಲದೆ ನಾನು ಹಾಡಿಗೆ ಹೋದವಳೇ ಅಲ್ಲ. ನಾನು ಸೊಲ್ಲು ಎತ್ತಿದರೆ ಅವಳು ತಿರುಗಿಸಿ ಹಾಡಬೇಕು. ನನಗೆ ಮರೆತರೆ ಅವಳು ಎತ್ತಬೇಕು. ಹಸೆಯ ಮೇಲೆ ಹೆಣ್ಣು ಗಂಡು ಕೂತಿರುವಾಗ ಹಾಡು ನಡುವೆ ಕಡಿದರೆ ಆ ಮನೆಗೆ ಒಳ್ಳೆಯದಲ್ಲ. ಇದು ನಮ್ಮ ಕಟ್ಟುಪಾಡು. ಈ ಕಟ್ಟುಪಾಡೇ ನನ್ನನ್ನು ಹಾಳು ಮಾಡಿತು.

ಚಾಪೆ, ರಾಗಿ ರೊಟ್ಟಿ, ಹುರುಳಿ ಚಟ್ನಿ, ಎಲೆಅಡಿಕೆ ಚೀಲ ಹಿಡಿದು ಸಕಲ ಸಿದ್ಧತೆಯೊಡನೆ ಬಸ್ಸಿಳಿದೆವು. ಗೇಟಿನಲ್ಲಿ ನಿಂತಿದ್ದ ಸೆಕ್ಯುರಿಟಿಯವನು ರೊಟ್ಟಿ ಕಿತ್ತುಕೊಂಡ. ಆಮೇಲೆ ಚೀಲದೊಳಗಿನ ಡಬ್ಬಿ ತೆಗೆದು ಮೂಸಿದ.

"ಏನಿದು ಬೆಳ್ಳಗೆ?"

"ಸುಣ್ಣ ಕಣಪ್ಪ" ಎಂದಳು ಸಿದ್ದಮ್ಮ. "ನಂಬ್ಕೆ ಇಲ್ದಿದ್ರೆ ನೆಕ್ಕಿ ನೋಡು."

ಅವನು ನೆಕ್ಕಿಯೇ ನೋಡಿದ! ಅಲ್ಲಿಂದ ಮುಂದೆ ಅವನು ಯಾರ ಚೀಲದ ಬಗ್ಗೆಯೂ ಏನೂ ಕೇಳಲಿಲ್ಲ. ಕೇಳಲು ನಾಲಿಗೆ ಬೇಕಲ್ಲ.

ಒಳಗೆ ನಮ್ಮ ಕೈಗೆ, ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿಗೆ ಕಟ್ಟುವಂಥ ಪಟ್ಟಿ ಕಟ್ಟಿದರು. ನಾವು ಸ್ಟೇಜಿನ ಮುಂದೆಯೇ ಚಾಪೆ ಹಾಸಿ ಕೂತೆವು. ಸ್ವಲ್ಪ ಹೊತ್ತಿಗೆ ಸುತ್ತ ಜನ ಬಂದು ನಿಂತರು. ನಮಗೆ ಕಂಡದ್ದು ಮೊಣಕಾಲು ಮಾತ್ರ. ಅರ್ಧಕ್ಕರ್ಧ ಪ್ಯಾಂಟು ಮಂಡಿಯ ಹತ್ತಿರ ಹರಿದಿದ್ದವು.

"ಪಾಪ, ಬಟ್ಟೆ ಇಲ್ದಿದ್ರೂ ಆಡ್ ಕೇಳಕ್ ಬಂದವರೆ" ಎಂದು ಸಿದ್ದಮ್ಮ ಮರುಗಿದಳು.

ನಮ್ಮ ಹುಡುಗ ಬಂದ. ಫೋನಿನಲ್ಲಿ ದಪ್ಪ ದನಿ, ಎದುರಿಗೆ ನೋಡಿದರೆ ಒಳ್ಳೆ ನುಗ್ಗೆಕಾಯಿ. ಬಂದವನೇ ಎಂಟನೇ ಹಾಡು ಎತ್ತಿದ! ಆಮೇಲೆ ಮೂರು, ಆಮೇಲೆ ಒಂದು. ಕಟ್ಟಿದವನೇ ಕಲಸುತ್ತಿದ್ದಾನೆ! ಆಗಲೇ ನನಗೆ ಅನುಮಾನ ಬಂತು.

"ಈ ಕೂಸ್ಗೆ ಇವತ್ತು ಮೈಯಲ್ಲಿ ಉಸಾರಿಲ್ಲ ಕಣಮ್ಮಿ" ಎಂದೆ.

"ಮರ್ವು ಅಂತ ಕಾಣುತ್ತೆ. ಉಣ್ಣಕ್ ಇಕ್ಕಿಲ್ವೇನೋ" ಎಂದಳು ಸಿದ್ದಮ್ಮ.

ಕಟ್ಟಕಡೆಗೆ ಆರನೇ ಹಾಡು ಬಂತು. ನಾನು ಎದ್ದು ನಿಂತೆ. ಕೊಡ ಬಾವಿಗೆ ಬಿತ್ತು. ಗಿಟಾರು ನಿಂತಿತು. ಡ್ರಮ್ಮು ನಿಂತಿತು. ತೋಟವೆಲ್ಲ ಗಪ್‌ಚಿಪ್. ಸೋಪಿಲ್ಲ, ಕಿರುಚಾಟವಿಲ್ಲ. ಈಗ ಬರುತ್ತದೆ ಎಂದು ಉಸಿರು ಹಿಡಿದೆ.

ಹುಡುಗ ಬಾಯಿ ಮುಚ್ಚಿಕೊಂಡ. ಮೈಕನ್ನು ನಮ್ಮ ಕಡೆ ಚಾಚಿ, ಕಣ್ಣು ಮುಚ್ಚಿ ನಿಂತುಬಿಟ್ಟ.

ಮರೆತುಹೋಗಿದೆ! ಅಷ್ಟು ಜನದ ಮುಂದೆ ಕೈಚಾಚಿ ಸೊಲ್ಲು ಬೇಡುತ್ತಿದ್ದಾನೆ, ಒಬ್ಬರೂ ಕೊಡುವವರಿಲ್ಲ. ಎಲ್ಲರೂ ಫೋನು ಎತ್ತಿ ಹಿಡಿದು ತಮಾಷೆ ನೋಡುತ್ತಿದ್ದಾರೆ. ಹಾಡು ಕಡಿದುಹೋಗುತ್ತಿದೆ.

"ಅಯ್ಯೋ, ಮರ್ತೋಯ್ತು ಕಣಮ್ಮಿ ಕೂಸ್ಗೆ! ಯಾರಾರ ನೀರ್ ಕೊಡ್ರೋ!" ಎಂದು ಕೂಗಿದವಳೇ, ಮದುವೆ ಮನೆಯ ದನಿಯಲ್ಲಿ ಸೊಲ್ಲು ಎತ್ತಿಬಿಟ್ಟೆ. ನನ್ನ ದನಿ ಮೈಕಿಲ್ಲದೆಯೇ ಮೂರು ಬೀದಿಗೆ ಕೇಳುತ್ತದೆ. ಮೈಕು ಬೇರೆ ನನ್ನ ಮುಂದೆಯೇ ಇತ್ತು.

ನಾನು ಎತ್ತಿದ ಮೇಲೆ ಸಿದ್ದಮ್ಮ ಬಿಡುತ್ತಾಳೆಯೇ? ತಿರುಗಿಸಿದಳು. ಅವಳು ತಿರುಗಿಸಿದ ಮೇಲೆ ನಾನು ಬಿಡುತ್ತೇನೆಯೇ? ಜನ ಹೋ ಎಂದರು. ಹುಡುಗ ಕಣ್ಣು ಬಿಟ್ಟು ನಮ್ಮನ್ನು ಸ್ಟೇಜಿಗೆ ಹತ್ತಿಸಿಕೊಂಡ. ನಮ್ಮಲ್ಲಿ ಹಾಡು ಮುಗಿಸುವಾಗ ಆ ಮನೆಯವರ ಹೆಸರು ಸೇರಿಸಬೇಕು.

"ನಿಮ್ಮವ್ವನ ಎಸ್ರೇನ್ ಮಗ?" ಎಂದೆ.

"ಭಾರತಿ, ಅಜ್ಜಿ..."

"ಅಪ್ಪನ್ದು?"

ಹೇಳಿದ. ಬಾವಿಗೆ ಬಿದ್ದ ಕೊಡವನ್ನು ಭಾರತಮ್ಮನ ಕೈಯಲ್ಲಿ ಮೇಲೆತ್ತಿಸಿ, ಅವಳ ಗಂಡನ ಕೈಯಲ್ಲಿ ಹೊರಿಸಿ, ಹುಡುಗನಿಗೆ ಬೇಗ ಕಂಕಣ ಕೂಡಿಬರಲೆಂದು ಹರಸಿ, ಸೋಬಾನೆ ಎಂದು ಮುಗಿಸಿದೆವು. ಮುಗಿಸಿ ಸೆರಗೊಡ್ಡಿ ನಿಂತೆವು.

ಅವನು ಮಿಕಮಿಕ ನೋಡಿದ.

"ಎಲೆಅಡ್ಕೆ ಆಕಪ್ಪ. ಆಕ್ದೆ ನಾವ್ ಇಳ್ಯಂಗಿಲ್ಲ" ಎಂದಳು ಸಿದ್ದಮ್ಮ.

ಅವನ ಹತ್ತಿರ ಎಲ್ಲಿಂದ ಬರಬೇಕು? ಜೇಬು ತಡಕಿ, ಗಿಟಾರು ಮೀಟುವ ಪ್ಲಾಸ್ಟಿಕ್ ಚೂರುಗಳನ್ನು ಇಬ್ಬರ ಸೆರಗಿಗೂ ಒಂದೊಂದು ಹಾಕಿ ಕೈಮುಗಿದ. ಸಿದ್ದಮ್ಮ ಅದನ್ನು ಎಲೆಯೊಳಗಿಟ್ಟು ಬಾಯಿಗೆ ಹಾಕಿಕೊಳ್ಳುವುದರಲ್ಲಿದ್ದಳು, ನಾನೇ ಕೈ ಹಿಡಿದೆ. ಆ ಸಂಜೆ ನಾನು ಮಾಡಿದ ಬುದ್ಧಿವಂತಿಕೆಯ ಕೆಲಸ ಅದೊಂದೇ.

ಹುಡುಗನ ಮರ್ಯಾದೆ ಉಳಿಸಿದೆನೆಂದು ಎದೆಯುಬ್ಬಿಸಿ ಕೆಳಗಿಳಿದರೆ, ಪವಿತ್ರ ವೇಲಿನಿಂದ ಮುಖ ಮುಚ್ಚಿಕೊಂಡು ಯಾರೋ ಗೊತ್ತಿಲ್ಲದವಳಂತೆ ತೆಂಗಿನ ಮರಕ್ಕೆ ಒರಗಿದ್ದಳು. ಬಸ್ಸಿನಲ್ಲಿ ಬಾಯಿ ಬಿಟ್ಟಳು.

"ಅವ ಮರ್ತಿರ್ನಿಲ್ಲ ಕಣಜ್ಜಿ! ಲೈವಲ್ಲಿ ಅಂಗೇಯ. ಜನ ಆಡ್ಲಿ ಅಂತ ಮೈಕ್ ಇಡಿತರ! ಒಂದ್ ಗಳ್ಗೆ ಸುಮ್ನಿದ್ದಿದ್ರೆ ಅವನೇ ಆಡ್ತಿದ್ದ!"

"ಟಿಕೆಟ್ ತಕ್ಕಂಡ್ ಬಂದೋರೇ ಆಡ್ಬೇಕಾ?" ಎಂದು ಸಿದ್ದಮ್ಮ ರೇಗಿದಳು. "ಅಂಗಾರೆ ನಮ್ ಮದ್ವೆ ಮನೇಲಿ ಬೀಗ್ರ ಕೈಲೇ ಆಡುಸ್ಬೌದಿತ್ತು!"

ಒಂದು ಗಳಿಗೆ! ಅಷ್ಟು ದಿನ ಕಾದವಳಿಗೆ ಇನ್ನೊಂದು ಗಳಿಗೆ ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ.

ಬೇಸಿಗೆಗೆ ಪವಿತ್ರ ಕುಣಿದುಕೊಂಡು ಬಂದಳು. ಅವತ್ತು ತೋಟದಲ್ಲಿ ಹಾಡಿದ್ದನ್ನೆಲ್ಲ ಸೇರಿಸಿ ಲೈವ್ ಆಲ್ಬಂ ಬಿಟ್ಟಿದ್ದಾರಂತೆ. ಕೊಡದ ಹಾಡು ಕಟ್ಟಕಡೆಯದು. ಅದರಲ್ಲಾದರೂ ಹುಡುಗನ ಸೊಲ್ಲು ಬೇರೆ ಹಾಕಿರಬಹುದು ಎಂದು ಆಸೆಪಟ್ಟೆ. ಕೈ ತೊಳೆದು, ಹೊಲದ ಬದುವಿನ ಮೇಲೆ ನೆಟ್ಟಗೆ ಕೂತು, ಮೊದಲಿನಿಂದ ಸಾಲಾಗಿ ಕೇಳಿದೆ.

ಕೊಡ ಬಾವಿಗೆ ಬಿತ್ತು. ಗಿಟಾರು ನಿಂತಿತು. ಡ್ರಮ್ಮು ನಿಂತಿತು. ಸೋಪಿನವಳು ಬರಲಿಲ್ಲ.

"ಅಯ್ಯೋ, ಮರ್ತೋಯ್ತು ಕಣಮ್ಮಿ ಕೂಸ್ಗೆ! ಯಾರಾರ ನೀರ್ ಕೊಡ್ರೋ!"

ಎಂಥ ಕರ್ಕಶ ದನಿ! ಸಿಟ್ಟು ಬಂದು ಆ ಮುದುಕಿಯನ್ನು ದಾಟಿಸಲು ಫೋನಿನ ಗಾಜನ್ನೆಲ್ಲ ತಡಕಿದೆ. ಸೋಪಿನವಳಿಗಾದರೆ ಸ್ಕಿಪ್ ಎಂಬ ಬಟನ್ ಇರುತ್ತದೆ. ನನಗೆ ಅದನ್ನೂ ಇಟ್ಟಿಲ್ಲ!